ಕ್ಯಾನ್ ಅಂದರು ಸರಿ, ಎಷ್ಟು ಕ್ಯಾನ್?

ಇಂಗ್ಲೆಂಡಿನ ರೈಲು ನಿಲ್ದಾಣಗಳಲ್ಲಿ ಕೇಳಿ ಕೇಳಿ ತಲೆಯೊಳಗೆ ಕೂತುಬಿಟ್ಟ ಒಂದು ವಾಕ್ಯವಿದೆ: 'ವಿ ಕ್ಯಾನ್ ಓನ್ಲಿ ಅಪಾಲಜೈಸ್'. ಹಳಿ ಮೇಲೆ ಎಲೆ ಬಿದ್ದಿರಲಿ, ಸಿಗ್ನಲ್ ಕೆಟ್ಟಿರಲಿ, ಡ್ರೈವರ್ ಬಾರದೇ ಇರಲಿ, ಧ್ವನಿವರ್ಧಕ ಕೊನೆಗೆ ಬಂದು ನಿಲ್ಲುವುದು ಈ ಮಾತಿಗೇ. ಮೊದಮೊದಲು ಅದು ನನಗೆ ಬರೀ ಕ್ಷಮಾಪಣೆಯಾಗಿ ಕೇಳಿಸುತ್ತಿತ್ತು. ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತವರಿಗೆ ಅದಕ್ಕಿಂತ ಹೆಚ್ಚು ಯೋಚಿಸುವ ವ್ಯವಧಾನವೂ ಇರುವುದಿಲ್ಲ. ಆಮೇಲೆ ಯಾವಾಗಲೋ ಆ 'ಓನ್ಲಿ' ಕೆರೆಯತೊಡಗಿತು. 'ವಿ ಅಪಾಲಜೈಸ್' ಎಂದಿದ್ದರೆ ಸಾಕಿತ್ತಲ್ಲ, ಮಧ್ಯೆ 'ಕ್ಯಾನ್ ಓನ್ಲಿ' ಯಾಕೆ? ಯೋಚಿಸಿದರೆ ಆ ಎರಡು ಪದ ಕ್ಷಮೆಗೆ ಸೇರಿದ್ದೇ ಅಲ್ಲ. ಕ್ಷಮೆ ಕೇಳುವುದು ನಮ್ಮ ಕೈಲಾಗುವ ಕೆಲಸ, ಕೇಳಿದ್ದೇವೆ. ಬದಲಿ ಗಾಡಿ, ಬಸ್ಸು, ಬಿಸಿ ಚಹಾ ಇತ್ಯಾದಿ ಕೇಳಲು ಬರಬೇಡಿ ಅಂತ ಅದರ ತಾತ್ಪರ್ಯ. ಇಷ್ಟೆಲ್ಲ ಹೇಳಿದ ಮೇಲೂ ವಾಕ್ಯದಲ್ಲಿ ಒಂದೇ ಒಂದು 'ನಾಟ್' ಇಲ್ಲ!

ಒಮ್ಮೆ ಕಿವಿ ಈ ಜಾಡು ಹಿಡಿದ ಮೇಲೆ ಆಫೀಸಿನಲ್ಲೂ ಅದೇ ಕೇಳಿಸತೊಡಗಿತು. 'ಐ ಕ್ಯಾನ್ ಜಸ್ಟ್ ಅಬೌಟ್ ಮ್ಯಾನೇಜ್ ಥರ್ಸ್‌ಡೇ.' 'ಐ ಕಾಂಟ್ ಕ್ವೈಟ್ ಸೀ ಇಟ್.' 'ದಟ್ ಮೈಟ್ ಬಿ ಅ ಬಿಟ್ ಟ್ರಿಕಿ.' ಅಲ್ಲಿನವರ ಮಾತು ಕೇಳಿ, ಸಂಜೆಯೊಳಗೆ ಬೆಂಗಳೂರಿನ ತಂಡದಿಂದ ಬರುವ ಮೀಟಿಂಗ್ ಟಿಪ್ಪಣಿಯನ್ನೂ ಓದುವ ಜಾಗದಲ್ಲಿ ನಾನು ಕೂತಿದ್ದೆ. ಟಿಪ್ಪಣಿಯಲ್ಲಿ 'ಥರ್ಸ್‌ಡೇ: ಕನ್ಫರ್ಮ್ಡ್' ಅಂತಿರುತ್ತಿತ್ತು. ಅದನ್ನು ಸುಳ್ಳು ಎನ್ನುವ ಹಾಗಿಲ್ಲ. ಕ್ಯಾನ್ ಅಂದಿದ್ದೂ ಹೌದು, ಥರ್ಸ್‌ಡೇ ಅಂದಿದ್ದೂ ಹೌದು. ದಾರಿಯಲ್ಲಿ ಉದುರಿದ್ದು 'ಜಸ್ಟ್ ಅಬೌಟ್' ಮಾತ್ರ. ಹೇಳಿದವರ ಮನಸ್ಸಿನಲ್ಲಿ ಇದ್ದದ್ದೋ, ಬಹುಪಾಲು ಅದೇ.

ಯಾಕೆ ಆಗಲ್ಲ, ಎಷ್ಟು ಆಗಲ್ಲ

ಇದನ್ನು ಇಂಗ್ಲಿಷರ ನಯವಂಚನೆ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಿತಿಯನ್ನು ಹೇಳುವಾಗ ಎರಡು ಭಾಷೆಗಳೂ ಬೇರೆ ಬೇರೆ ಸಂಗತಿಗಳನ್ನು ಮುಖ್ಯ ಅಂದುಕೊಂಡಿವೆ, ಅಷ್ಟೇ.

ಕನ್ನಡದಲ್ಲಿ 'ಮಾಡು' ಎಂಬ ಒಂದು ಧಾತು ತಗೊಳ್ಳಿ. ಮಾಡಲಾರೆ ಅಂದರೆ ಶಕ್ತಿ ಸಾಲದು. ಮಾಡಕ್ಕಾಗಲ್ಲ ಅಂದರೆ ಸಂದರ್ಭ ಬಿಡುತ್ತಿಲ್ಲ. ಮಾಡಬಾರದು ಅಂದರೆ ಒಳ್ಳೆಯದಲ್ಲ, ಮಾಡಕೂಡದು ಅಂದರೆ ಯಾರದೋ ಅಪ್ಪಣೆ ಅಡ್ಡ ನಿಂತಿದೆ. ಮಾಡಲೊಲ್ಲೆ ಅಂದರೆ ಮನಸ್ಸಿಲ್ಲ. (ಉತ್ತರ ಕರ್ನಾಟಕದವರು ಇನ್ನೂ 'ಒಲ್ಲೆ' ಅಂತ ಖಡಾಖಂಡಿತ ಹೇಳುತ್ತಾರೆ. ಹಳೇ ಮೈಸೂರಿನ ನಮಗೆ ಆ ಧೈರ್ಯ ಸಾಲದೆ 'ಬೇಡ ಬಿಡಿ' ಅಂತೇವೆ.) ಈ ಐದಕ್ಕೂ ಇಂಗ್ಲಿಷಿನವನು ದಿನನಿತ್ಯದ ಮಾತಿನಲ್ಲಿ 'ಕಾಂಟ್' ಒಂದರಲ್ಲೇ ಸಂಸಾರ ಸಾಗಿಸಬಲ್ಲ. ಕಾಲು ಮುರಿದಿದ್ದರೂ ಕಾಂಟ್, ರಜೆ ಸಿಗದಿದ್ದರೂ ಕಾಂಟ್, ಕಾನೂನು ಒಪ್ಪದಿದ್ದರೂ ಕಾಂಟ್. ಆದರೆ ಅದೇ ಮನುಷ್ಯನಿಗೆ 'ಎಷ್ಟು' ಎಂಬ ಪ್ರಶ್ನೆ ಹಾಕಿ ನೋಡಿ: ಕ್ಯಾನ್ ಈಸಿಲಿ, ಕ್ಯಾನ್, ಕ್ಯಾನ್ ಜಸ್ಟ್ ಅಬೌಟ್, ಕ್ಯಾನ್ ಓನ್ಲಿ ಜಸ್ಟ್, ಕ್ಯಾನ್ ಬೇರ್ಲಿ, ಕ್ಯಾನ್ ಹಾರ್ಡ್ಲಿ, ಕಾಂಟ್ ಕ್ವೈಟ್, ಕಾಂಟ್ ರಿಯಲಿ, ಕಾಂಟ್, ಕಾಂಟ್ ಪಾಸಿಬ್ಲಿ. ಕನ್ನಡ ಯಾಕೆ ಆಗಲ್ಲ ಅಂತ ಹೇಳುತ್ತದೆ, ಇಂಗ್ಲಿಷ್ ಎಷ್ಟು ಆಗಲ್ಲ ಅಂತ ಹೇಳುತ್ತದೆ. ನಮ್ಮಲ್ಲೂ 'ಅಷ್ಟಾಗಿ', 'ಅಷ್ಟೇನೂ', 'ಹಾಗೂ ಹೀಗೂ' ಇವೆ, ಅವರಲ್ಲೂ 'ಮಸ್ಟಂಟ್', 'ಶುಡಂಟ್' ಇವೆ. ಇಲ್ಲ ಅಂತಲ್ಲ. ಆದರೆ ಬಾಯಿಗೆ ಮೊದಲು ಬರುವುದು ಯಾವುದು ಅಂತ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಕಾರಣವೂ ಸೇರಿಕೊಂಡಿದೆ. ಕನ್ನಡದ ವಾಕ್ಯ ತೀರ್ಪು ಕೊಡುವುದು ಕೊನೆಯಲ್ಲಿ. 'ನಾಳೆ ಬೆಳಿಗ್ಗೆ ನಾನೇ ಬಂದು ಕೊಟ್ಟುಹೋಗೋದಕ್ಕೆ' ಎನ್ನುವ ತನಕ ಏನೂ ಗೊತ್ತಾಗದು. 'ಆಗುತ್ತೆ'ಯೋ 'ಆಗಲ್ಲ'ವೋ ಬಿದ್ದ ಮೇಲೇ ಇತ್ಯರ್ಥ. ಹಾಗಾಗಿ ನಮ್ಮ ಕಿವಿ ಕ್ರಿಯಾಪದಕ್ಕೆ ಕಾದು ಕೂತಿರುತ್ತದೆ. ನಡುವೆ ಬರುವ 'ಸ್ವಲ್ಪ', 'ಸುಮ್ನೆ', 'ಹಂಗೇ' ಇವೆಲ್ಲ ಮರ್ಯಾದೆಯ ಮಾತುಗಳು. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದವರು ಮೂರು ಜನರ ಸೀಟಿನಲ್ಲಿ ಐದನೆಯವರಾಗಿ ಕೂರುತ್ತಾರೆ. ಅಲ್ಲಿ 'ಸ್ವಲ್ಪ'ಕ್ಕೆ ಅಳತೆಯ ಅರ್ಥವೇ ಇಲ್ಲ. ಇಂಥ ಕಿವಿ ಇಟ್ಟುಕೊಂಡು ಇಂಗ್ಲಿಷ್ ಕೇಳಿದರೆ ಕ್ಯಾನ್ ಸಿಕ್ಕಿದ ತಕ್ಷಣ ಕೆಲಸ ಮುಗಿಯಿತು ಅನ್ನಿಸುವುದು ಸಹಜ.

ವ್ಯಾಕರಣದ ಸಾಕ್ಷಿ ಬೇಕಿದ್ದರೆ 'ಹಾರ್ಡ್ಲಿ' ಇದೆ. 'ಹಿ ಕಾಂಟ್ ವಾಕ್' ಎಂಬುದಕ್ಕೆ 'ಅಲ್ಲವೇ?' ಎಂಬಂಥ ಪ್ರಶ್ನೆಯ ಬಾಲ ಹಚ್ಚಿದರೆ 'ಕ್ಯಾನ್ ಹಿ?' ಬರುತ್ತದೆ. 'ಹಿ ಕ್ಯಾನ್ ವಾಕ್' ಎಂಬುದಕ್ಕೆ 'ಕಾಂಟ್ ಹಿ?'. ಹಾಗಾದರೆ 'ಹಿ ಕ್ಯಾನ್ ಹಾರ್ಡ್ಲಿ ವಾಕ್' ಎಂಬುದಕ್ಕೆ? 'ಕ್ಯಾನ್ ಹಿ?' ಅಂತಲೇ. ಮೈಮೇಲೆ 'ನಾಟ್' ಇಲ್ಲದಿದ್ದರೂ ಭಾಷೆ ಅದನ್ನು ನಿಷೇಧದ ಸಾಲಿನಲ್ಲೇ ಕೂರಿಸಿದೆ. ಬೇರ್ಲಿ, ಸ್ಕೇರ್ಸ್‌ಲಿ ಕೂಡ ಇದೇ ಪಂಗಡ. ಹೈಸ್ಕೂಲಿನಲ್ಲಿ ನಮಗೆ 'ಹಾರ್ಡ್ಲಿ ವೆನ್', 'ನೋ ಸೂನರ್ ದ್ಯಾನ್' ಅಂತ ವಾಕ್ಯ ಬದಲಾಯಿಸುವ ಲೆಕ್ಕ ಮಾಡಿಸಿದರೇ ಹೊರತು ಇದನ್ನು ಯಾರೂ ಹೇಳಲಿಲ್ಲ. ಆ ಲೆಕ್ಕಗಳಲ್ಲಿ ಒಂದು ಮಾತ್ರ ನಿಜಕ್ಕೂ ಉಪಯೋಗದ್ದು: 'ರಿಮೂವ್ ಟೂ'. 'ಹಿ ಇಸ್ ಟೂ ವೀಕ್ ಟು ವಾಕ್' ಎಂಬುದನ್ನು 'ಸೋ ವೀಕ್ ದಟ್ ಹಿ ಕೆನಾಟ್ ವಾಕ್' ಅಂತ ಬರೆಯಬೇಕು. ಮೊದಲನೆಯದರಲ್ಲಿ ಅಡಗಿ ಕೂತ 'ನಾಟ್' ಎರಡನೆಯದರಲ್ಲಿ ಬಯಲಿಗೆ ಬರುತ್ತದೆ. ಕನ್ನಡದಲ್ಲಿ ಅಡಗಿಸಲು ಜಾಗವೇ ಇಲ್ಲ. 'ನಡೆಯಲಾಗದಷ್ಟು ನಿಶ್ಶಕ್ತಿ' ಎನ್ನುವಾಗ 'ಆಗದ'ವನ್ನು ಮೊದಲೇ ಒಪ್ಪಿಕೊಂಡೇ ಮುಂದೆ ಹೋಗಬೇಕು.

ಮೆಟ್ಟಿಲ ಬುಡದಲ್ಲಿ

ಈ ಎರಡು ಲೆಕ್ಕಾಚಾರ ಎದುರಾಬದುರಾ ನಿಂತದ್ದನ್ನು ನಾನು ನೋಡಿದ್ದು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ. ಚಿಕ್ಕಮ್ಮ ಮಗನ ಮನೆಯಲ್ಲಿ ನೆಲೆಸಿದ್ದರು. ಸೊಂಟದ ಮೂಳೆಯ ಆಪರೇಷನ್ ಆಗಿ ಮನೆಗೆ ಕಳಿಸುವ ಮುನ್ನ ಫಿಸಿಯೋಥೆರಪಿಯವರು ಒಮ್ಮೆ ನಡೆಸಿ ನೋಡುತ್ತಾರಲ್ಲ, ಆ ದಿನ ಮಗನಿಗೆ ಬಿಡುವಿಲ್ಲದೆ ದುಭಾಷಿಯಾಗಿ ನಾನು ಹೋಗಿದ್ದೆ. ಅಭ್ಯಾಸಕ್ಕೆ ಅಂತಲೇ ನಾಲ್ಕು ಮೆಟ್ಟಿಲು ಮಾಡಿಟ್ಟಿದ್ದರು, ಎಲ್ಲಿಗೂ ಹೋಗದ ಮೆಟ್ಟಿಲು, ಎರಡೂ ಬದಿಗೆ ಹಿಡಿಕೆ. ಆ ಹುಡುಗಿ, ಇಪ್ಪತ್ತೈದರ ಆಸುಪಾಸಿನವಳು, ಬಹಳ ಅಕ್ಕರೆಯಿಂದ ಮಂಡಿಯೂರಿ ಕೂತು ಹೇಳಿದ್ದು: 'ಯೂ ಮೈಟ್ ಫೈಂಡ್ ಯೂ ಕಾಂಟ್ ಕ್ವೈಟ್ ಮ್ಯಾನೇಜ್ ದ ಸ್ಟೇರ್ಸ್ ಜಸ್ಟ್ ಯೆಟ್.'

ನಾನು ಬಾಯಿ ತೆರೆದೆ, ಮುಚ್ಚಿದೆ. ಮೈಟ್, ಕಾಂಟ್, ಕ್ವೈಟ್, ಜಸ್ಟ್, ಯೆಟ್. ಮೆಟ್ಟಿಲು ಹತ್ತುವ ವಿಷಯ ಒಂದಾದರೆ ಅದನ್ನು ಸುತ್ತುವರಿದ ಮೆತ್ತೆ ಐದು. 'ಇನ್ನೂ ಸ್ವಲ್ಪ ದಿನ ಮೆಟ್ಟಿಲು ಅಷ್ಟು ಸಲೀಸಾಗಿ ಹತ್ತಕ್ಕಾಗದೇ ಇರಬಹುದು ಅಂತಾರೆ' ಅಂದೆ. ಚಿಕ್ಕಮ್ಮ ನನ್ನನ್ನೇ ದುರುಗುಟ್ಟಿಕೊಂಡು ಕೇಳಿದರು: 'ಹತ್ತಕ್ಕಾಗಲ್ವೋ, ಹತ್ತಬಾರದೋ? ಅದನ್ನ ಹೇಳು ಮೊದಲು.'

ಪ್ರಶ್ನೆ ನ್ಯಾಯವಾದದ್ದು. ಹತ್ತಕ್ಕಾಗಲ್ಲ ಅಂದರೆ ಪ್ರಯತ್ನ ಮಾಡಿ ನೋಡಬಹುದು, ನೋವು ತಡೆದುಕೊಂಡರೆ ಆದೀತು. ಮಗನ ಮನೆಯಲ್ಲಿ ದೇವರ ಫೋಟೋಗಳಿರುವುದು ಮೇಲಿನ ಕೋಣೆಯಲ್ಲಿ. ಹತ್ತಬಾರದು ಅಂದರೆ ಹತ್ತಬಾರದು, ಮೂಳೆಗೆ ಅಪಾಯ, ಅಲ್ಲಿಗೆ ಮಾತು ಮುಗಿಯಿತು. ನಾನು ತಿರುಗಿ ಹುಡುಗಿಯನ್ನು 'ಕಾಂಟ್ ಆರ್ ಶುಡಂಟ್?' ಅಂತ ಕೇಳಿದೆ. ಅವಳಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ಅವಳು ಹೇಳಲು ಹೊರಟಿದ್ದು ಪ್ರಮಾಣವನ್ನು: ಎಷ್ಟರ ಮಟ್ಟಿಗೆ ಕಷ್ಟ, ಎಷ್ಟು ದಿನ, ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು. ಸ್ವಲ್ಪ ಯೋಚಿಸಿ 'ಬೋತ್, ರಿಯಲಿ' ಅಂದಳು. 'ರಿಯಲಿ' ಇಲ್ಲೂ ನುಸುಳಿತ್ತು. ನಾನು ಚಿಕ್ಕಮ್ಮನಿಗೆ 'ಹತ್ತಬಾರದಂತೆ' ಅಂತ ಅನುವಾದಿಸಿದೆ. ಚಿಕ್ಕಮ್ಮನಿಗೆ ತಕ್ಷಣ ಸಮಾಧಾನವಾಯಿತು, ಕೋಲು ಗೋಡೆಗೆ ಒರಗಿಸಿ ಕೂತರು. ಇನ್ನು ಮೂರು ವಾರ ಅಂತ ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟಳು. ಚೀಟಿಯ ಇಂಗ್ಲಿಷಿನಲ್ಲಿ ಮೈಟ್, ಕ್ವೈಟ್ ಯಾವುದೂ ಇರಲಿಲ್ಲ, 'ಡೂ ನಾಟ್' ಅಂತ ನೇರವಾಗಿತ್ತು. ಬರವಣಿಗೆಯಲ್ಲಿ ಬರುವ ಈ ಧೈರ್ಯ ಮುಖ ನೋಡಿ ಹೇಳುವಾಗ ಯಾಕೆ ಇರುವುದಿಲ್ಲವೋ.

ಬೇರಿಗಿಳಿದರೆ ಎರಡೂ ಭಾಷೆ ಅಷ್ಟೊಂದು ದೂರವೇನಲ್ಲ ಎನ್ನುವುದು ನನಗೆ ಆಮೇಲೆ ಹೊಳೆದ ಸಂಗತಿ. ಇಂಗ್ಲಿಷಿನ ಕ್ಯಾನ್ ಹುಟ್ಟಿನಲ್ಲಿ 'ತಿಳಿದಿರು' ಎಂಬ ಕ್ರಿಯಾಪದ. ನಮ್ಮ 'ಬಲ್ಲೆ'ಗೂ ಅದೇ ಕಥೆ: 'ಅವನನ್ನು ಬಲ್ಲೆ' ಅಂದರೆ ಗೊತ್ತು, 'ಮಾಡಬಲ್ಲೆ' ಅಂದರೆ ಆಗುತ್ತದೆ. ಮೇ ಒಂದು ಕಾಲಕ್ಕೆ ಬಲವನ್ನು ಸೂಚಿಸುತ್ತಿತ್ತು, ಶಲ್ ಸಾಲದ ಋಣವನ್ನು. ಇನ್ನು 'ಶುಡ್' ಮತ್ತು 'ಬೇಕು' ಅಂತೂ ಅವಳಿ ಮಕ್ಕಳು. 'ನೀನು ಹೋಗಬೇಕು' ಎನ್ನುವ ಬೇಕೇ 'ಬಸ್ಸು ಇಷ್ಟೊತ್ತಿಗೆ ಹೊರಟಿರಬೇಕು' ಎನ್ನುವಲ್ಲಿ ಊಹೆಯಾಗುತ್ತದೆ. ಕಟ್ಟುಪಾಡಿನ ಪದವನ್ನೇ ಅಂದಾಜಿಗೂ ಬಳಸುವ ಚಾಳಿ ಇಬ್ಬರಿಗೂ ಇದೆ.

ಗೆದ್ದರೆ ಒಪ್ಪದ ಕುಡ್

ನನಗೆ ತುಂಬ ಇಷ್ಟವಾದ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ನಿನ್ನೆ ಓಡಿ ಹೋಗಿ ಕೊನೆಯ ಬಸ್ಸು ಹಿಡಿದಿರಿ ಅನ್ನಿ. ಅದನ್ನು 'ಯೆಸ್ಟರ್‌ಡೇ ಐ ಕುಡ್ ಕ್ಯಾಚ್ ದ ಬಸ್' ಅಂದರೆ ಇಂಗ್ಲಿಷ್ ಮನೆಮಾತಿನವರ ಕಿವಿಗೆ ಹಿಡಿಸುವುದಿಲ್ಲ. 'ಮ್ಯಾನೇಜ್ಡ್ ಟು' ಅನ್ನಬೇಕು, ಇಲ್ಲವೇ 'ವಾಸ್ ಏಬಲ್ ಟು'. ಒಂದೇ ಸಲ ನಡೆದು ಮುಗಿದ ಸಾಧನೆಗೆ ಕುಡ್ ಸಲ್ಲದು. ಕುಡ್ ಏನಿದ್ದರೂ 'ಚಿಕ್ಕಂದಿನಲ್ಲಿ ಮರ ಹತ್ತುತ್ತಿದ್ದೆ' ಎಂಬಂಥ ಸಾಮಾನ್ಯ ಸಾಮರ್ಥ್ಯಕ್ಕೆ. ನಾವು ಇಂಡಿಯಾದವರು ಇದನ್ನು ಲೆಕ್ಕಿಸದೆ ಧಾರಾಳವಾಗಿ ಕುಡ್ ಬಳಸುತ್ತೇವೆ, 'ಐ ಕುಡ್ ಫಿನಿಶ್ ದ ಟಾಸ್ಕ್ ಯೆಸ್ಟರ್‌ಡೇ' ಅಂತ ಬರೆಯುತ್ತೇವೆ. ಓದಿದವರಿಗೆ ಮುಗಿಸಿದರೋ ಮುಗಿಸಬಹುದಿತ್ತೋ ತಿಳಿಯುವುದಿಲ್ಲ.

ಆದರೆ ಬಸ್ಸು ತಪ್ಪಿಹೋಗಿದ್ದರೆ? 'ಐ ಕುಡಂಟ್ ಕ್ಯಾಚ್ ದ ಬಸ್.' ಸರಾಗ, ಯಾರಿಗೂ ತಕರಾರಿಲ್ಲ. ಅರ್ಧಂಬರ್ಧ ಆಗಿದ್ದರೆ? 'ಐ ಕುಡ್ ಓನ್ಲಿ ಗೆಟ್ ಟೂ ಟಿಕೆಟ್ಸ್.' ಅದೂ ಸರಿಯೇ. ಒಂದೇ ಸಲದ ಘಟನೆಯಾದರೂ 'ಓನ್ಲಿ' ಬಂದು ನಿಂತ ಕ್ಷಣ ಕುಡ್‌ಗೆ ಪ್ರವೇಶ ಸಿಗುತ್ತದೆ. ಪೂರ್ತಿ ಗೆದ್ದವನಿಗೆ ಕುಡ್ ಇಲ್ಲ, ಸೋತವನಿಗೆ ಇದೆ, ಕೂದಲೆಳೆಯಲ್ಲಿ ಗೆದ್ದವನಿಗೂ ಇದೆ! ಕಾರಣ ಏನೇ ಇರಲಿ, ಈ ಕ್ರಿಯಾಪದಗಳು ಮಿತಿಯ ನೆರಳಿನಲ್ಲೇ ಹೆಚ್ಚು ಸುಖವಾಗಿವೆ ಅನ್ನುವುದು ಎದ್ದು ಕಾಣುತ್ತದೆ.

ಓನ್ಲಿ ಎಲ್ಲಿ ಕೂರಬೇಕು ಎಂಬ ಜಗಳ ಬೇರೆಯೇ ಇದೆ. ಅದು ಯಾವುದನ್ನು ಮಿತಿಗೊಳಿಸುತ್ತದೋ ಅದರ ಪಕ್ಕದಲ್ಲೇ ಇರಬೇಕು ಅಂತ ಪಂಡಿತರು ಶತಮಾನಗಳಿಂದ ಹಟ ಹಿಡಿದಿದ್ದಾರೆ, ಜನ ಕ್ರಿಯಾಪದಕ್ಕೆ ಮೊದಲೇ ಹಾಕಿಕೊಂಡು ಬಂದಿದ್ದಾರೆ. 'ಅವನು ತೀರಿಕೊಂಡು ಒಂದು ವಾರವಷ್ಟೇ ಆಯಿತು' ಎನ್ನಲು 'ಹಿ ಓನ್ಲಿ ಡೈಡ್ ಅ ವೀಕ್ ಅಗೋ' ಎನ್ನುವುದರಲ್ಲಿ ತಪ್ಪೇನು ಅಂತ 1926ರಲ್ಲೇ ಇಂಗ್ಲಿಷ್ ಬಳಕೆಯ ನಿಘಂಟು ಬರೆದ ಎಚ್.ಡಬ್ಲ್ಯೂ. ಫೌಲರ್ ಜನರ ಪರವಾಗಿ ವಾದಿಸಿದ್ದ. ಕನ್ನಡದಲ್ಲಿ ಈ ಜಗಳಕ್ಕೆ ಆಸ್ಪದವಿಲ್ಲ. 'ಏ' ಎಂಬ ಒಂದು ಸ್ವರ ಯಾವ ಪದಕ್ಕೆ ಬೇಕೋ ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ.

'ಕೊಂಚ ಅಂಟಂಟು'

ಇಷ್ಟು ಹೊತ್ತು ಹೇಳಿದ್ದು ಗುರುವಾರದ ಮೀಟಿಂಗು, ಮೆಟ್ಟಿಲು, ಬಸ್ಸು. ಜೀವ ಹೋಗುವ ಜಾಗದಲ್ಲೂ ಇದೇ ನಡೆದಿದೆ. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್‌ನಲ್ಲಿ, ಇಮ್ಜಿನ್ ನದಿಯ ಬಳಿ ಬ್ರಿಟಿಷ್ ಬ್ರಿಗೇಡ್ ಒಂದರ ಮೇಲೆ ಚೀನೀ ಪಡೆಗಳು ಮುಗಿಬಿದ್ದವು. ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬೆಟಾಲಿಯನ್ ಗುಡ್ಡವೊಂದರ ಮೇಲೆ ಸುತ್ತುವರಿಯಲ್ಪಟ್ಟಿತು. ಪರಿಸ್ಥಿತಿ ಹೇಗಿದೆ ಅಂತ ಅಮೆರಿಕದ ಮೇಲಧಿಕಾರಿ ಕೇಳಿದಾಗ ಬ್ರಿಗೇಡಿಯರ್ ಟಾಮ್ ಬ್ರೋಡಿ 'ಥಿಂಗ್ಸ್ ಆರ್ ಅ ಬಿಟ್ ಸ್ಟಿಕಿ, ಸರ್' ಅಂದರಂತೆ. ಅಮೆರಿಕದವರಿಗೆ ಅದು 'ಕಷ್ಟವಿದೆ, ನಿಭಾಯಿಸುತ್ತಿದ್ದೇವೆ' ಅಂತ ಕೇಳಿಸಿತು, ಹಿಂದೆ ಸರಿಯಲು ಆಜ್ಞೆಯೂ ಹೋಗಲಿಲ್ಲ, ಬೇಕಾದಷ್ಟು ಬಲವೂ ಹೋಗಲಿಲ್ಲ ಎನ್ನುವುದು ಆ ಕಥೆ. ಆ ಬೆಟಾಲಿಯನ್ನಿನ 500ಕ್ಕೂ ಹೆಚ್ಚು ಜನ ಸೆರೆಯಾದರು. ಇಬ್ಬರ ಮನೆಮಾತೂ ಇಂಗ್ಲಿಷೇ ಎನ್ನುವುದನ್ನು ಗಮನಿಸಿ. 'ಕ್ವೈಟ್ ಗುಡ್' ಅಂದರೆ ಲಂಡನ್ನಿನಲ್ಲಿ ಪರವಾಗಿಲ್ಲ, ನ್ಯೂಯಾರ್ಕಿನಲ್ಲಿ ಬಹಳ ಚೆನ್ನಾಗಿದೆ, ನಡುವೆ ನಾವೆಲ್ಲಿ.

ಅದೇ ಧಾಟಿ ಒಮ್ಮೊಮ್ಮೆ ಕಾಪಾಡುವುದೂ ಉಂಟು. 1982ರ ಜೂನ್ 24ರಂದು ಜಾವಾ ದ್ವೀಪದ ಬಳಿ ಗಲುಂಗ್ಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ನುಗ್ಗಿದ ಬ್ರಿಟಿಷ್ ಏರ್‌ವೇಸ್ ಜಂಬೊ ವಿಮಾನದ ನಾಲ್ಕೂ ಎಂಜಿನ್ ನಿಂತುಹೋದಾಗ ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದು, ನಮಗೊಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ ಅಂತ. ಎಂಜಿನ್‌ಗಳು ಮತ್ತೆ ಓಡಿದವು, ವಿಮಾನ ಜಕಾರ್ತಾದಲ್ಲಿ ಇಳಿಯಿತು. ಆದರೆ ನೋಡಿ, 'ಸಣ್ಣ' ಅಂದವರು ನಾಲ್ಕು ಅಂತಲೂ ಹೇಳಿದ್ದರು. ಅಂಕಿ ಇದ್ದ ಕಡೆ ವಿಶೇಷಣ ಎಷ್ಟು ಮೆತ್ತಗಿದ್ದರೂ ನಷ್ಟವಿಲ್ಲ.

ಅಂಕಿಯೂ ಇಲ್ಲ, ಸ್ಪಷ್ಟ ಪದವೂ ಇಲ್ಲ ಎಂಬ ಸ್ಥಿತಿಯ ಉದಾಹರಣೆ ಆವಿಯಾಂಕಾ 52 ಎಂಬ ವಿಮಾನದ ದುರಂತ. ಅದನ್ನು ಓದಿದಾಗಲೆಲ್ಲ ಹೊಟ್ಟೆ ತೊಳಸುತ್ತದೆ. 1990ರ ಜನವರಿ 25, ಕೊಲಂಬಿಯಾದಿಂದ ಹೊರಟ ವಿಮಾನ ಹವಾಮಾನ ಕೆಟ್ಟು ನ್ಯೂಯಾರ್ಕ್ ದಾರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಆಕಾಶದಲ್ಲೇ ಸುತ್ತು ಹೊಡೆದಿತ್ತು. ಇಂಧನ ಮುಗಿಯುತ್ತಿದೆ ಅಂತ ಸಹ ಪೈಲಟ್ ಹೇಳಿದ್ದರೂ 'ಎಮರ್ಜೆನ್ಸಿ' ಎಂಬ ಪದ ನಿಯಂತ್ರಣ ಕೊಠಡಿಗೆ ಮುಟ್ಟಲೇ ಇಲ್ಲ. ಮೊದಲ ಯತ್ನದಲ್ಲಿ ಇಳಿಯಲಾಗದ ಮೇಲೆ ಕಂಟ್ರೋಲರ್, ಹದಿನೈದು ಮೈಲಿ ಆಚೆ ಕರೆದೊಯ್ದು ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಸರಿಯೇ ಅಂತ ಕೇಳಿದ. ಉತ್ತರ: 'ಐ ಗೆಸ್ ಸೋ, ಥ್ಯಾಂಕ್ ಯೂ ವೆರಿ ಮಚ್.' ಕೆಲವೇ ನಿಮಿಷದಲ್ಲಿ ವಿಮಾನ ಲಾಂಗ್ ಐಲೆಂಡಿನ ಗುಡ್ಡಕ್ಕೆ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ಸ್ಪ್ಯಾನಿಷ್ ಮನೆಮಾತಿನ ಆ ಸಹ ಪೈಲಟ್ ಕಲಿತ ಇಂಗ್ಲಿಷಿನ ವಿನಯವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಹೊರಗಿನಿಂದ ಬಂದು ಈ ಭಾಷೆ ಕಲಿತವರಿಗೆ ಸಿಗುವುದು ವಿನಯದ ಅರ್ಧ ಮಾತ್ರ. ಯಾವ ಹೊತ್ತಿನಲ್ಲಿ ಅದನ್ನು ಬಿಸಾಡಬೇಕು ಎಂಬ ಇನ್ನರ್ಧವನ್ನು ಯಾವ ಕ್ಲಾಸಿನಲ್ಲೂ ಕಲಿಸುವುದಿಲ್ಲ. ವಿಮಾನ ರೇಡಿಯೋದ ಶಿಷ್ಟ ಭಾಷೆಯಲ್ಲಿ ಇದಕ್ಕೆಂದೇ ಒಂದು ಪದವಿದೆ: 'ಅನೇಬಲ್'. ನಿಮ್ಮ ಸೂಚನೆ ಪಾಲಿಸಲಾರೆ ಅಂತ ಅರ್ಥ, ಸಾಮಾನ್ಯವಾಗಿ ಕಾರಣವೂ ಹಿಂದೆಯೇ ಬರಬೇಕು. ಎಷ್ಟು ಎಂಬ ಮೆಟ್ಟಿಲನ್ನೇ ಕಿತ್ತುಹಾಕಿ, ಯಾಕೆ ಎಂಬುದನ್ನು ಹೇಳು ಅಂತಾರೆ. ಚಿಕ್ಕಮ್ಮ ಕೇಳಿದ್ದೂ ಅದನ್ನೇ.

ದೊಡ್ಡಕ್ಷರದ ಶುಡ್

ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. ಇಂಟರ್ನೆಟ್ಟಿನ ನಿಯಮಾವಳಿ ಬರೆಯುವವರು ಈ ಗೊಂದಲಕ್ಕೆ ಬೇಸತ್ತು, 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಹೊರಡಿಸಿದರು. ಬರೆದವರು ಹಾರ್ವರ್ಡ್‌ನ ಸ್ಕಾಟ್ ಬ್ರ್ಯಾಡ್ನರ್. ಮಸ್ಟ್ ಅಂದರೆ ತಪ್ಪಿಸುವಂತಿಲ್ಲ. ಶುಡ್ ಅಂದರೆ ತಕ್ಕ ಕಾರಣವಿದ್ದರೆ, ಪರಿಣಾಮ ಅರಿತುಕೊಂಡು, ಬಿಡಬಹುದು. ಮೇ ಅಂದರೆ ನಿಮ್ಮಿಷ್ಟ. ದೊಡ್ಡಕ್ಷರದಲ್ಲಿದ್ದರೆ ಮಾತ್ರ ಈ ಅರ್ಥ, ಸಣ್ಣಕ್ಷರದಲ್ಲಿದ್ದರೆ ಮಾಮೂಲಿ ಇಂಗ್ಲಿಷ್ ಅಂತ 2017ರಲ್ಲಿ ಇನ್ನೊಂದು ದಾಖಲೆ ಹೊರಡಿಸಿ ಸ್ಪಷ್ಟಪಡಿಸಬೇಕಾಯಿತು. ಇಂಗ್ಲಿಷ್ ಬಲ್ಲವರೇ ಇಂಗ್ಲಿಷಿಗೆ ಹಾಕಿಕೊಂಡ ಬೇಲಿ ಇದು. 2013ರ ಏಪ್ರಿಲ್ 1ಕ್ಕೆ ಯಾರೋ ಇದರ ಅಣಕವನ್ನೂ ಹೊರತಂದರು. ಅದರಲ್ಲಿ 'ಮಸ್ಟ್, ಆದರೆ ನೀವು ಮಾಡಲ್ಲ ಅಂತ ನಮಗೆ ಗೊತ್ತು' ಎಂಬ ದರ್ಜೆಯೂ ಒಂದು. ನನಗೆ ಗೊತ್ತಿರುವ ಬಹಳಷ್ಟು ಸಾಫ್ಟ್‌ವೇರ್ ಈ ದರ್ಜೆಯಲ್ಲೇ ಓಡುತ್ತಿದೆ.

ಫೋನಿನಲ್ಲಿ ದೊಡ್ಡಕ್ಷರ ಇಲ್ಲ, ಅದೇ ತೊಂದರೆ. ಜೊತೆಗೆ ಉಚ್ಚಾರಣೆಯ ಒಂದು ಬಲೆ ಇದೆ. ಅಮೆರಿಕದವರು ಮಾತಿನ ಭರದಲ್ಲಿ ಕ್ಯಾನ್ ಅನ್ನು 'ಕನ್', 'ಕ್ನ್' ಅಂತ ನುಂಗಿಬಿಡುತ್ತಾರೆ. ಕಾಂಟ್ ಇದ್ದಾಗ ಮಾತ್ರ 'ಕ್ಯಾನ್‌ಟ್' ಎಂದು ಸ್ವರ ಬಿಡಿಸಿ, ಕೊನೆಯ ಟಕಾರ ಕೇಳಿಸದಂತೆ ಹೇಳುತ್ತಾರೆ. ನಾವೋ, ಸ್ಫುಟವಾಗಿರಲಿ ಅಂತ 'ವಿ ಕ್ಯಾನ್ ಡೂ ಇಟ್' ಎಂದು ಕ್ಯಾನ್‌ಗೆ ತುಂಬು ಸ್ವರ ಕೊಡುತ್ತೇವೆ. ಆ ಕಡೆ ಅದು ಕಾಂಟ್ ಅಂತ ತಲುಪುತ್ತದೆ. ಒಳ್ಳೆಯ ಉಚ್ಚಾರಣೆಗೆ ಸಿಗುವ ಫಲ! 'ಯೆಸ್, ವಿ ಕ್ಯಾನ್' ಅಂತ ಮುಂದೆ ಒಂದು ಯೆಸ್ ಸೇರಿಸುವ ಅಭ್ಯಾಸ ನಮ್ಮ ಹಲವರಿಗೆ ಬಂದದ್ದು ಇದರಿಂದಲೇ ಇರಬಹುದು.

ಇನ್ನು ನಮ್ಮ ಕಡೆಯಿಂದ ಹೋಗುವ ಮಿತಿಯ ಮಾತುಗಳೂ ಅವರನ್ನು ಕಮ್ಮಿ ಸತಾಯಿಸಿಲ್ಲ. 'ಟ್ರೈ ಮಾಡ್ತೀವಿ', 'ನೋಡೋಣ', 'ಮಾಡೋಣ ಬಿಡಿ'. ಮದುವೆಗೆ ಕರೆದವರಿಗೆ 'ಖಂಡಿತ ಬರಕ್ಕೆ ಟ್ರೈ ಮಾಡ್ತೀನಿ' ಅಂದರೆ ಕರೆದವರೇ ಒಂದು ಎಲೆ ಕಡಿಮೆ ಹಾಕಿಸುತ್ತಾರೆ. ಅದನ್ನೇ ಇಂಗ್ಲಿಷಿಗೆ ತಂದು 'ವಿ ವಿಲ್ ಟ್ರೈ' ಅಂದರೆ, ಲಂಡನ್ನಿನವನಿಗೆ ನಾಲ್ಕು ಜನ ರಾತ್ರಿ ನಿದ್ದೆಗೆಟ್ಟು ಒದ್ದಾಡುತ್ತಿರುವ ಚಿತ್ರ ಕಾಣುತ್ತದೆ. ನಮ್ಮ ತಂಡದ ಜೊತೆ ಬಹುಕಾಲ ಕೆಲಸ ಮಾಡಿದ ಒಬ್ಬ ಇಂಗ್ಲಿಷ್ ಮ್ಯಾನೇಜರ್ ಇದನ್ನು ತಾನಾಗಿಯೇ ಪತ್ತೆ ಹಚ್ಚಿದ್ದ. 'ವಿ ವಿಲ್ ಟ್ರೈ' ಕೇಳಿದ ಕೂಡಲೇ ಅವನು 'ಸೋ ದಟ್ಸ್ ಅ ನೋ, ದೆನ್' ಅಂತ ನಗುತ್ತ ಬರೆದುಕೊಳ್ಳುತ್ತಿದ್ದ. ಅವನು 'ಐ ಕುಡ್ ಪಾಸಿಬ್ಲಿ ಹ್ಯಾವ್ ಅ ಲುಕ್' ಅಂದಾಗ ನಮ್ಮ ಹುಡುಗರೂ ಅದೇ ಮಾತನ್ನು ಅವನಿಗೆ ತಿರುಗಿಸಿ ಹೇಳತೊಡಗಿದರು.